ಕೈಯಲ್ಲಿ ಏನೂ ಉಳಿಯದ ಲೆಕ್ಕ

ಮಾಸ್ಟ್ರ ದನಿ ಎಷ್ಟು ಸಣ್ಣದು ಎಂಬುದು ಮಳೆಗಾಲದಲ್ಲಿ ಹಂಚಿನ ಮಾಡಿನ ಶಾಲೆಯಲ್ಲಿ ಪಾಠ ಮಾಡಿದವರಿಗೆ ಮಾತ್ರ ಗೊತ್ತು. ನಮ್ಮ ಕುಂದಾಪುರ, ಬೈಂದೂರು ಕಡೆ ಜುಲೈ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಎದುರಿನ ಬೆಂಚಿನವರಿಗೂ ಪಾಠ ಕೇಳಿಸುವುದಿಲ್ಲ. ಹಿಂದಿನ ಬೆಂಚಿನವರು ಮಳೆಯ ಮರೆಯಲ್ಲಿ ತಮ್ಮ ಪಂಚಾಯಿತಿಗೆ ತೊಡಗುತ್ತಾರೆ. ಆಗ ನಮ್ಮಂಥವರು ಮಾಡುವ ಉಪಾಯ ಒಂದೇ. ಬೋರ್ಡಿನ ಮೇಲೆ ಉದ್ದನೆಯ ಲೆಕ್ಕವೊಂದನ್ನು ಬರೆದು, ‘ಮಾಡಿ’ ಎಂದು ಕೈಸನ್ನೆ ತೋರಿಸಿ, ಕುರ್ಚಿಯಲ್ಲಿ ಕುಳಿತುಬಿಡುವುದು.

1998ರ ಅಂಥದೊಂದು ಮಧ್ಯಾಹ್ನದ ಮಾತು. ನಾನು ಬೈಂದೂರು ಕಡೆಯ ಒಂದು ಪ್ರೌಢಶಾಲೆಗೆ ಸೇರಿ ಮೂರನೆಯ ವರ್ಷ. ನಾನು ವಿಜ್ಞಾನದ ಮಾಸ್ಟ್ರು. ಆದರೆ ನಮ್ಮ ಶಾಲೆಗಳಲ್ಲಿ ಬಿ.ಎಸ್ಸಿ., ಬಿ.ಎಡ್. ಆದವನಿಗೆ ಗಣಿತವೂ ತಾನಾಗಿಯೇ ಗಂಟುಬೀಳುತ್ತದೆ. ಒಂಬತ್ತನೆಯ ತರಗತಿ, ಕೊನೆಯ ಅವಧಿ, ಹೊರಗೆ ಮಳೆ, ಒಳಗೆ ಸಂತೆ. ಸಿಟ್ಟಿನಲ್ಲಿ ಸೀಮೆಸುಣ್ಣ ಹಿಡಿದು, ಯೋಚಿಸಲೂ ಬೇಸರವಾಗಿ, ಸುಮ್ಮನೆ ಒಂದರ ಪಕ್ಕ ಒಂದು ಆರು ಗೀಟು ಎಳೆದೆ. ಮಧ್ಯೆ ಗುಣಾಕಾರದ ಚಿಹ್ನೆ. ಮತ್ತೆ ಆರು ಗೀಟು.

111111 × 111111

ಕಾಲು ಗಂಟೆಯಾದರೂ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬುದು ನನ್ನ ಅಂದಾಜು. ಇನ್ನೂ ಕುರ್ಚಿಯಲ್ಲಿ ಸರಿಯಾಗಿ ಕುಳಿತಿರಲಿಲ್ಲ, ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಹೆಸರು ಇಲ್ಲಿ ಬೇಡ. ಅವನ ಅಪ್ಪಯ್ಯ ಮುರಕಲ್ಲಿನ ಗೋಡೆ ಕಟ್ಟುವವರು. ರಜೆಯಲ್ಲಿ ಹುಡುಗನೂ ಕಲ್ಲು ಹೊರಲು ಹೋಗುತ್ತಿದ್ದ. ಅಂಗೈ ನಮ್ಮೆಲ್ಲರ ಅಂಗೈಗಿಂತ ಗಟ್ಟಿ. ಗಣಿತದಲ್ಲಿ ಅವನಿಗೆ ಮೂವತ್ತೈದು ದಾಟಿದ್ದನ್ನು ನಾನು ಕಂಡಿರಲಿಲ್ಲ.

‘ಆಯ್ತ್ ಸರ್’ ಎಂದ.

‘ಎಂತ ಆಯ್ತಾ?’

‘ಒಂದ್, ಎರ್ಡ್, ಮೂರ್, ನಾಲ್ಕ್, ಐದ್, ಆರ್, ಮತ್ತೆ ಹಿಂದೆ ಬಪ್ಪುದ್.’

ಸ್ಲೇಟಿನ ಕಾಲದಲ್ಲಿ ಕಲಿತ ನನಗೇ ಆ ಉತ್ತರ ಬಾಯಿಗೆ ಬಂದಿರಲಿಲ್ಲ. ಪುಸ್ತಕ ತರಿಸಿ ನೋಡಿದೆ. ಅದರಲ್ಲಿ ಗುಣಾಕಾರದ ಒಂದು ಹಂತವೂ ಇರಲಿಲ್ಲ. ಆರು ಸಾಲು ಚೌಕಗಳು, ಸಾಲಿಗೆ ಆರರಂತೆ. ಪ್ರತಿಯೊಂದು ಸಾಲೂ ಕೆಳಗಿನದಕ್ಕಿಂತ ಒಂದು ಚೌಕದಷ್ಟು ಪಕ್ಕಕ್ಕೆ ಸರಿದಿತ್ತು. ಕೆಳಗೆ ಉತ್ತರ: 12345654321. ಪಾಠದ ಹೊತ್ತಿನಲ್ಲಿ ಗೋಡೆಯ ಚಿತ್ರ ಬರೆಯುತ್ತಿದ್ದಾನೆ, ಉತ್ತರವನ್ನು ಯಾರದೋ ಕ್ಯಾಲ್ಕುಲೇಟರಿನಿಂದ ಕದ್ದಿದ್ದಾನೆ ಎಂದು ತೀರ್ಮಾನಿಸಲು ನನಗೆ ಅರೆನಿಮಿಷ ಸಾಕಾಯಿತು.

‘ಹಂತ ಎಲ್ಲಿದೆ?’ ಎಂದು ಕೇಳಿದೆ. ಅವನು ಚಿತ್ರ ತೋರಿಸಿದ. ‘ದಶಕ ಎಲ್ಲಿ ಹಿಡಿದೆ?’ ಎಂದೆ. ‘ಕೈಯಂಗೆ ಎಂತದೂ ಒಳಿತಿಲ್ಲ ಸರ್’ ಎಂದ.

ಅದು ಎದುರುತ್ತರವೆಂದು ನನಗೆ ಕೇಳಿಸಿತು. ಕೈ ನೀಡಿಸಿ ಎರಡು ಏಟು ಕೊಟ್ಟೆ. ಆಗ ಅದನ್ನು ಯಾರೂ ಕೇಳುತ್ತಿರಲಿಲ್ಲ; ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸುವುದಕ್ಕೆ ಇನ್ನೂ ಹನ್ನೊಂದು ವರ್ಷವಿತ್ತು. ಆಮೇಲೆ ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸಿದೆ. ಆ ಹುಡುಗ ಅನಂತರದ ಎರಡು ವರ್ಷ ನನ್ನ ತರಗತಿಯಲ್ಲಿ ತಾನಾಗಿ ಎದ್ದು ನಿಲ್ಲಲಿಲ್ಲ. ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಗಣಿತವೊಂದು ಉಳಿಯಿತು. ನಮ್ಮ ಕಡೆಯ ಎಷ್ಟೋ ಹುಡುಗರಂತೆ ಬೆಂಗಳೂರಿನ ಹೋಟೆಲಿಗೆ ಹೋದ. ಅದಕ್ಕೆಲ್ಲ ನನ್ನ ಎರಡು ಏಟೇ ಕಾರಣವೆಂದು ಹೇಳಿದರೆ ಅದೂ ಒಂದು ಬಗೆಯ ಜಂಬವಾದೀತು. ಮನೆಯ ಬಡತನವಿತ್ತು, ಬೇರೆ ಕಾರಣಗಳಿದ್ದವು. ಆದರೆ ಅವನು ಹೇಳಿದ್ದು ಸತ್ಯವಾಗಿತ್ತು ಎಂಬುದು ಮಾತ್ರ ನನಗೆ ತಿಳಿಯಲು ಐದು ವರ್ಷ ಬೇಕಾಯಿತು.

ತಿಳಿಸಿದ್ದು ಒಂದು ಪುಸ್ತಕ. ನಮ್ಮ ಶಾಲೆಯಲ್ಲಿದ್ದ ಕನ್ನಡ ಪಂಡಿತರು ನಿವೃತ್ತರಾದ ಮೇಲೆ ಊರೂರು ಸುತ್ತುವ ಹವ್ಯಾಸ ಬೆಳೆಸಿಕೊಂಡಿದ್ದರು. 2003ರಲ್ಲಿ ಒಮ್ಮೆ ಬಾಳೆಬರೆ ಘಾಟಿ ಹತ್ತಿ ಹೊಂಬುಜಕ್ಕೆ ಹೋಗಿಬಂದವರು ಕುಂದಾಪುರದ ನನ್ನ ಬಾಡಿಗೆ ಮನೆಗೆ ಬಂದು, ದಪ್ಪನೆಯ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. ‘ಶ್ಲೋಕದ ಅನ್ವಯ ನಾನು ಮಾಡಬಲ್ಲೆ, ಲೆಕ್ಕ ನನ್ನಿಂದಾಗದು, ನೀವು ನೋಡಿ’ ಎಂದರು. ಅದು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’. ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಕನ್ನಡಕ್ಕೆ ತಂದದ್ದು. ಹೊಂಬುಜದ ಗ್ರಂಥಮಾಲೆಯಲ್ಲಿ 2000ದಲ್ಲಿ ಅಚ್ಚಾದದ್ದು.

ಮಹಾವೀರಾಚಾರ್ಯರ ಹೆಸರು ನಾನು ಬಿ.ಎಡ್.ನಲ್ಲಿ ಕೇಳಿದ್ದೆ, ಅಂಕ ಗಳಿಸುವುದಕ್ಕೆ ಬೇಕಾದಷ್ಟು, ಎಂದರೆ ಎರಡು ವಾಕ್ಯದಷ್ಟು. ಒಂಬತ್ತನೆಯ ಶತಮಾನದವರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದವರು. ಗ್ರಂಥದ ಆರಂಭದಲ್ಲಿ ಅವನನ್ನು ಹೊಗಳಿದ್ದಾರೆ. ಆ ಚಕ್ರವರ್ತಿಯ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ಕನ್ನಡದ ಮೊದಲ ಉಪಲಬ್ಧ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಒಂದೇ ಆಸ್ಥಾನದಲ್ಲಿ ಒಂದು ಕಡೆ ಕನ್ನಡ ಕಾವ್ಯದ ಲಕ್ಷಣವನ್ನು ಹೇಳುತ್ತಿದ್ದರು, ಇನ್ನೊಂದು ಕಡೆ ಸಂಸ್ಕೃತ ಶ್ಲೋಕಗಳಲ್ಲಿ ಗುಣಾಕಾರ ಭಾಗಾಕಾರ ಕಲಿಸುತ್ತಿದ್ದರು. ನಮ್ಮ ಮಕ್ಕಳಿಗೆ ಮೊದಲನೆಯದನ್ನು ಕನ್ನಡದ ಅವಧಿಯಲ್ಲಿ ಹೇಳುತ್ತೇವೆ. ಎರಡನೆಯದನ್ನು ಗಣಿತದ ಅವಧಿಯಲ್ಲಿ ಹೇಳುವವರು ಕಡಿಮೆ. ನಾನೂ ಹೇಳಿರಲಿಲ್ಲ.

ರಾತ್ರಿ ಊಟವಾದ ಮೇಲೆ ಗುಣಾಕಾರದ ಭಾಗವನ್ನು ತಿರುವಿಹಾಕುತ್ತಿದ್ದೆ. ಅಭ್ಯಾಸಕ್ಕೆಂದು ಕೊಟ್ಟ ಲೆಕ್ಕಗಳು. 12345679ನ್ನು 9ರಿಂದ ಗುಣಿಸು. 142857143ನ್ನು 7ರಿಂದ ಗುಣಿಸು. 152207ನ್ನು 73ರಿಂದ ಗುಣಿಸು. ಕಾಗದದಲ್ಲಿ ಮಾಡಿ ನೋಡಿದೆ. ಮೊದಲನೆಯದರ ಉತ್ತರ 111111111. ಎರಡನೆಯದರದು 1000000001. ಮೂರನೆಯದರದು 11111111. ನೋಡಲು ಒರಟಾದ ಸಂಖ್ಯೆಗಳು, ಗುಣಿಸಿದರೆ ಪೋಣಿಸಿದ ಮಣಿಗಳಂತೆ ಸಾಲಾಗಿ ನಿಲ್ಲುತ್ತವೆ. ಇಂಥ ಉತ್ತರಗಳಿಗೆ ಆಚಾರ್ಯರು ಕಂಠಿಕೆ, ಕಂಠಾಭರಣ ಎಂದೇ ಹೆಸರಿಟ್ಟಿದ್ದಾರೆ. ಕೊರಳಿಗೆ ಹಾಕಿಕೊಳ್ಳುವ ಸರ!

ಅವುಗಳ ನಡುವೆ ಇನ್ನೊಂದು ಇತ್ತು: 27994681ನ್ನು 441ರಿಂದ ಗುಣಿಸುವುದು. ಗುಣಿಸಿದೆ. ಪೆನ್ಸಿಲ್ ಕೆಳಗಿಟ್ಟೆ.

12345654321.

ಒಂದರಿಂದ ಆರಂಭಿಸಿ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಎಂದು ಆಚಾರ್ಯರು ಇದನ್ನು ಬಣ್ಣಿಸುತ್ತಾರೆ. ಮೂರನೆಯ ಬೆಂಚಿನ ಹುಡುಗ ಎದ್ದು ನಿಂತು ನಮ್ಮ ಕುಂದಗನ್ನಡದಲ್ಲಿ ಹೇಳಿದ್ದೂ ಅದನ್ನೇ, ಅದೇ ಕ್ರಮದಲ್ಲಿ. ಸಾವಿರದ ನೂರೈವತ್ತು ವರ್ಷಗಳ ಹಿಂದಿನ ಗ್ರಂಥದಲ್ಲಿ ಕೊರಳ ಸರವೆನಿಸಿಕೊಂಡದ್ದಕ್ಕೆ ನಾನು ಎರಡು ಏಟು ಕೊಟ್ಟಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಾಗಾಗಿ ಆ ಸಂಖ್ಯೆಯ ಜೊತೆಗೇ ಕುಳಿತೆ. ಓದುವ ವಿದ್ಯಾರ್ಥಿಗಳು ಒಂದು ಕಾಗದ, ಒಂದು ಪೆನ್ಸಿಲ್ ಹಿಡಿದುಕೊಂಡರೆ ಜೊತೆಗೂಡಬಹುದು. ಮೊಬೈಲ್ ಬೇಡ.

ಮೊದಲು ಗಾತ್ರ. ನಮ್ಮ ಕ್ರಮದಲ್ಲಿ ಓದಿದರೆ ಅದು 1234 ಕೋಟಿ, 56 ಲಕ್ಷ, 54 ಸಾವಿರದ 321. ಮಹಾವೀರಾಚಾರ್ಯರು ಏಕ, ದಶದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ನಮ್ಮ ಸಂಖ್ಯೆಯ ಎಡತುದಿಯ ಒಂದು ಕೂರುವುದು ಹನ್ನೊಂದನೆಯ ಸ್ಥಾನದಲ್ಲಿ, ಅರ್ಬುದದಲ್ಲಿ. ಸೆಕೆಂಡಿಗೆ ಒಂದರಂತೆ, ಉಣ್ಣದೆ ಮಲಗದೆ ಎಣಿಸುತ್ತ ಹೋದರೆ ಮುಗಿಸಲು 391 ವರ್ಷ ದಾಟುತ್ತದೆ. ನಮ್ಮ ಸೀಮೆ ಕೆಳದಿಯ ನಾಯಕರ ಕೈಯಲ್ಲಿದ್ದಾಗ ಒಬ್ಬ ಎಣಿಸಲು ತೊಡಗಿದ್ದರೆ ಈಗ ಮುಗಿಸುವ ಹೊತ್ತಾಗುತ್ತಿತ್ತು.

ಇಷ್ಟು ದೊಡ್ಡದಾದರೂ ಅದರ ಹುಟ್ಟು ಎಷ್ಟು ಸರಳ ನೋಡಿ. 11 × 11 = 121. 111 × 111 = 12321. 1111 × 1111 = 1234321. ಹೀಗೇಕೆ? ಹುಡುಗನ ಚಿತ್ರದಲ್ಲೇ ಉತ್ತರವಿದೆ. 111111ನ್ನು ಅದರಿಂದಲೇ ಗುಣಿಸುವುದೆಂದರೆ ಅದನ್ನೇ ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿಸಿ ಬರೆಯುವುದು. ಮುರಕಲ್ಲಿನ ಗೋಡೆಯನ್ನು ಅರ್ಧಕ್ಕೆ ನಿಲ್ಲಿಸುವಾಗ, ನಾಳೆಯ ಕಲ್ಲು ಕೂಡಿಕೊಳ್ಳಲೆಂದು ತುದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡುತ್ತಾರಲ್ಲ, ಹಾಗೆ. ಈಗ ಕಂಬಸಾಲುಗಳಲ್ಲಿ ಎಷ್ಟೆಷ್ಟು ಕಲ್ಲಿವೆ ಎಂದು ಎಣಿಸಿ. ಬಲತುದಿಯಲ್ಲಿ ಒಂದು, ಮುಂದಿನದರಲ್ಲಿ ಎರಡು, ಮೂರು, ನಾಲ್ಕು, ಐದು. ನಡುವೆ ಮಾತ್ರ ಆರಕ್ಕೆ ಆರೂ ಸಾಲು ಒಂದರ ಮೇಲೊಂದು. ಅಲ್ಲಿಂದ ಮತ್ತೆ ಐದು, ನಾಲ್ಕು, ಮೂರು, ಎರಡು, ಒಂದು. ಎಲ್ಲಿಯೂ ಮೊತ್ತ ಒಂಬತ್ತನ್ನು ದಾಟುವುದಿಲ್ಲ. ದಾಟದಿದ್ದರೆ ದಶಕವಿಲ್ಲ. ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವನು ನನಗೆ ಹಂತ ತೋರಿಸಿಯೇ ಇದ್ದ. ಅವನ ಹಂತ ಕಲ್ಲಿನದಾಗಿತ್ತು, ನಾನು ಅಂಕಿಯದನ್ನು ಹುಡುಕುತ್ತಿದ್ದೆ.

ಇನ್ನು ಒಡೆದು ನೋಡೋಣ. 111111 ಎಂದರೆ 111 × 1001. ಇದನ್ನು ತಾಳೆ ನೋಡುವುದು ಬಾಯಲ್ಲೇ ಆಗುತ್ತದೆ: ನೂರಹನ್ನೊಂದು ಸಾವಿರದ ನೂರಹನ್ನೊಂದು. ಇದರಲ್ಲಿ 111 ಎಂದರೆ 3 × 37. 1001 ಎಂದರೆ 7 × 11 × 13. ಅಲ್ಲಿಗೆ 111111ರ ಹೊಟ್ಟೆಯಲ್ಲಿರುವುದು ಐದು ಅವಿಭಾಜ್ಯ ಸಂಖ್ಯೆಗಳು, 3, 7, 11, 13, 37, ಒಂದೊಂದೇ ಸಲ. ನಮ್ಮ ಸಂಖ್ಯೆ ಅದರ ವರ್ಗ. ಆದ್ದರಿಂದ ಅದರಲ್ಲಿ ಇವೇ ಐದು, ಎರಡೆರಡು ಸಲ.

ಶಾಲೆಯಲ್ಲಿ ಕಲಿತ ಭಾಜ್ಯತೆಯ ನಿಯಮಗಳನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಮೈದಾನ ನನಗೆ ಸಿಕ್ಕಿಲ್ಲ. ಅಂಕಿಗಳನ್ನೆಲ್ಲ ಕೂಡಿದರೆ 36, ಒಂಬತ್ತರಿಂದ ಭಾಗವಾಗುತ್ತದೆ. ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ ಕಳೆಯಿರಿ: 1 − 2 + 3 − 4 + 5 − 6 + 5 − 4 + 3 − 2 + 1, ಉತ್ತರ ಸೊನ್ನೆ, ಹನ್ನೊಂದರಿಂದಲೂ ಆಯಿತು. ಇನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ: 321, 654, 345, 12. ಇವನ್ನೂ ಒಂದು ಬಿಟ್ಟು ಒಂದು ಕೂಡಿ ಕಳೆದರೆ, 321 − 654 + 345 − 12, ಮತ್ತೆ ಸರಿಯಾಗಿ ಸೊನ್ನೆ. ಇದು 1001ರಿಂದ ಭಾಗವಾಗುವ ಸಂಖ್ಯೆಯ ಲಕ್ಷಣ. ಒಂದೇ ಏಟಿಗೆ 7, 11, 13 ಮೂರೂ ಸಿಕ್ಕವು. ಅದೇ ಗುಂಪುಗಳನ್ನು ಬರಿದೇ ಕೂಡಿದರೆ 1332, ಅದು 37ರ 36 ಪಟ್ಟು. ಈ ಕೊನೆಯ ನಿಯಮ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಆದರೆ 999 ಎಂದರೆ 27 × 37 ಎಂದು ಒಮ್ಮೆ ಹೊಳೆದರೆ ಏಕೆಂಬುದನ್ನು ಹತ್ತನೆಯ ತರಗತಿಯ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ನಾನು ಹೇಳಿಕೊಡುವುದಿಲ್ಲ.

ಈ ಸಂಖ್ಯೆಗೆ ಒಟ್ಟು ಎಷ್ಟು ಅಪವರ್ತನಗಳು? ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ನಾವು ತೆಗೆದುಕೊಳ್ಳದೇ ಇರಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಪ್ರತಿಯೊಂದಕ್ಕೂ ಮೂರು ದಾರಿ. ಐದಕ್ಕೆ 3 × 3 × 3 × 3 × 3, ಎಂದರೆ 243. ಬೆಸ ಸಂಖ್ಯೆ ಬಂದದ್ದನ್ನು ಗಮನಿಸಿ. ಅಪವರ್ತನಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ, ಇದನ್ನು ಅದರಿಂದ ಗುಣಿಸಿದರೆ ಸಂಖ್ಯೆ ಎಂಬಂತೆ. ವರ್ಗಸಂಖ್ಯೆಯಲ್ಲಿ ಮಾತ್ರ ಒಂದಕ್ಕೆ ತಾನೇ ಜೋಡಿ. ಇಲ್ಲಿ 111111ಕ್ಕೆ ಬೇರೆ ಸಂಗಾತಿ ಇಲ್ಲ. ಉಳಿದ 242ರಲ್ಲಿ 121 ಜೋಡಿಗಳು. ಒಟ್ಟು 122 ರೀತಿಯಲ್ಲಿ ಇದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯಬಹುದು.

ಆ 122ರಲ್ಲಿ ಆಚಾರ್ಯರು ಆರಿಸಿಕೊಂಡದ್ದು ಯಾವುದನ್ನು? 441 ಎಂದರೆ 21ರ ವರ್ಗ. ಹಾಗಾದರೆ 27994681? ಮೂಲ ತೆಗೆದು ನೋಡಿದೆ: 5291. ಅದೂ ಪೂರ್ಣವರ್ಗ! 21ರಲ್ಲಿರುವುದು 3 ಮತ್ತು 7. ಉಳಿದ 11, 13, 37 ಸೇರಿ 5291. ಎರಡೂ ಪೂರ್ಣವರ್ಗಗಳಾಗಿರುವ ಜೋಡಿಗಳು 122ರಲ್ಲಿ 16 ಮಾತ್ರ, ಅದರಲ್ಲಿ ಇದು ಒಂದು. ಬೇಕೆಂದೇ ಆರಿಸಿದರೋ, ಕೈಗೆ ಹಾಗೆ ಸಿಕ್ಕಿತೋ. ನನ್ನ ಮಟ್ಟಿಗೆ ಅದು ಆಕಸ್ಮಿಕವಲ್ಲ. 441ರಲ್ಲಿ ಗುಣಿಸು ಎಂದು ಕೊಟ್ಟ ಲೆಕ್ಕದಲ್ಲಿ ಮಗು ಮೈಮುರಿದು ದುಡಿಯಬೇಕು, ದಶಕ ಹಿಡಿಯಬೇಕು, ತಪ್ಪಿ ತಿದ್ದಬೇಕು. ಕೊನೆಗೆ ಬೆವರು ಒರೆಸಿಕೊಂಡು ನೋಡಿದರೆ ಕೈಯಲ್ಲೊಂದು ಸರ. ನಡುವೆ ದೊಡ್ಡ ಮಣಿ, ಎರಡೂ ಬದಿಗೆ ಕ್ರಮವಾಗಿ ಸಣ್ಣವು, ಅಕ್ಕಸಾಲಿಗರು ಪೋಣಿಸುವ ಹಾಗೆಯೇ. ಉತ್ತರ ಸರಿಯೋ ತಪ್ಪೋ ಎಂದು ಗುರುವನ್ನು ಕೇಳುವ ಅಗತ್ಯವೂ ಇಲ್ಲ. ಮಣಿ ತಪ್ಪಿದರೆ ಕಣ್ಣಿಗೇ ಕಾಣುತ್ತದೆ. ನಾನೂ ಅವರೂ ಮಕ್ಕಳಿಗೆ ಕೊಟ್ಟದ್ದು ದೊಡ್ಡ ಗುಣಾಕಾರವನ್ನೇ. ಅವರು ಉಡುಗೊರೆ ಮಾಡಿ ಕೊಟ್ಟರು, ನಾನು ಶಿಕ್ಷೆ ಮಾಡಿ ಕೊಟ್ಟೆ.

ಆಚಾರ್ಯರೂ ತಪ್ಪಿದ್ದುಂಟು ಎಂಬುದನ್ನು ಹೇಳಿಬಿಡಬೇಕು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಅವರು ಬರೆದಿದ್ದಾರೆ. ಈಗಿನ ಗಣಿತ ಅದನ್ನು ಒಪ್ಪುವುದಿಲ್ಲ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತದೆ. ನನಗೂ ಕೊಂಚ ಆಗುತ್ತದೆ.

ಇಲ್ಲಿ ತಂದೆತಾಯಿಯರಿಗೆ ಒಂದು ಮಾತು. ದೊಡ್ಡ ಸಂಖ್ಯೆಯ ಗುಣಾಕಾರವೆಂದೊಡನೆ ನಮಗೆ ನೆನಪಾಗುವವರು ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ, 26 ಅಂಕಿಗಳ ಉತ್ತರವನ್ನು 28 ಸೆಕೆಂಡುಗಳಲ್ಲಿ ಹೇಳಿದರು. ಅದು ಕೋಟಿಗೊಬ್ಬರಿಗೆ ಸಿಕ್ಕುವ ಶಕ್ತಿ, ಅದಕ್ಕೆ ಕೈಮುಗಿಯೋಣ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡು, ‘ನಮ್ಮ ಮಗ ಲೆಕ್ಕದಲ್ಲಿ ನಿಧಾನ ಸರ್’ ಎಂದು ಕಣ್ಣೀರು ಹಾಕುವ ತಾಯಂದಿರನ್ನು ನಾನು ಬೈಂದೂರಿನಲ್ಲೂ ಕಂಡಿದ್ದೇನೆ, ಕುಂದಾಪುರದಲ್ಲೂ ಕಂಡಿದ್ದೇನೆ, ಈಗ ಬ್ರಹ್ಮಾವರದಲ್ಲೂ ಕಾಣುತ್ತಿದ್ದೇನೆ. ವೇಗದ ಕೆಲಸಕ್ಕೆ ಇನ್ನೂರು ರೂಪಾಯಿಯ ಯಂತ್ರವಿದೆ. ನನ್ನ ಮೂರನೆಯ ಬೆಂಚಿನವನೂ ಮಗ್ಗಿಯಲ್ಲಿ ನಿಧಾನವೇ. ಅವನು ಉತ್ತರವನ್ನು ಬೇಗ ಹೇಳಿದ್ದು ಗುಣಿಸಿ ಅಲ್ಲ, ಗುಣಿಸುವ ಅಗತ್ಯವಿಲ್ಲ ಎಂದು ಕಂಡುಕೊಂಡು.

ಪುಸ್ತಕ ಕೈಗೆ ಬಂದ ಮೇಲೆ ಪ್ರತಿ ಮಳೆಗಾಲದಲ್ಲೂ ಒಂಬತ್ತನೆಯ ತರಗತಿಗೆ ಈ ಲೆಕ್ಕ ಕೊಡುತ್ತ ಬಂದೆ. ಅವನನ್ನು ಹುಡುಕಿಕೊಂಡು ಹೋಗಿ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮೊದಲು ವಿಳಾಸ ಗೊತ್ತಿರಲಿಲ್ಲ. ಆಮೇಲೆ ಅವನ ಊರಿನವರೊಬ್ಬರಿಂದ ವಿಳಾಸ ಸಿಕ್ಕಿತು, ಧೈರ್ಯ ಸಿಗಲಿಲ್ಲ. ಬೆಂಗಳೂರಿಗೆ ಎರಡು ಮೂರು ಸಲ ಹೋಗಿಬಂದದ್ದೂ ಉಂಟು.

2024ರ ಜೂನ್‌ನಲ್ಲಿ, ಶಾಲೆಯ ಜಗಲಿಯಲ್ಲಿ ನಲವತ್ತರ ಆಸುಪಾಸಿನ ಗಂಡಸೊಬ್ಬರು ಮಗಳ ಜೊತೆ ನಿಂತಿದ್ದರು. ದಾಖಲಾತಿಯ ದಿನಗಳು, ನಾನು ಅರ್ಜಿ ನೋಡುತ್ತಿದ್ದೆ, ಮುಖ ನೋಡಿರಲಿಲ್ಲ.

‘ಹ್ವಾಯ್ ಸರ್, ಗುರ್ತ್ ಸಿಕ್ತಾ?’

ಮುಖಕ್ಕಿಂತ ಮೊದಲು ಅಂಗೈಯ ಗುರುತು ಸಿಕ್ಕಿತು. 2020ರಲ್ಲಿ ಕೊರೋನಾದಿಂದ ಹೋಟೆಲು ಮುಚ್ಚಿದಾಗ ಊರಿಗೆ ಬಂದವನು ಮತ್ತೆ ಹೋಗಲಿಲ್ಲವಂತೆ. ಹೆಂಡತಿಯ ಊರು ಬ್ರಹ್ಮಾವರದ ಹತ್ತಿರ. ಅಲ್ಲೇ ಮನೆ ಕಟ್ಟಿ, ಅಪ್ಪಯ್ಯನ ಕಸುಬನ್ನೇ ಹಿಡಿದು ಕಟ್ಟಡದ ಗುತ್ತಿಗೆ ಮಾಡುತ್ತಾನೆ. ಮಗಳು ಒಂಬತ್ತನೆಯ ತರಗತಿಗೆ. ‘ಲೆಕ್ಕ ಅಂದ್ರೆ ಹೆದ್ರಿಕಿ ಇದ್ಕೆ’ ಎಂದ. ಹುಡುಗಿ ನೆಲ ನೋಡುತ್ತಿದ್ದಳು.

ಇಪ್ಪತ್ತೊಂದು ವರ್ಷ ಬಾಯಲ್ಲಿ ಇಟ್ಟುಕೊಂಡ ಮಾತನ್ನು ಆಡಲು ಅದು ಸರಿಯಾದ ಜಾಗವಲ್ಲ, ಎದುರಿಗೆ ಇನ್ನೂ ನಾಲ್ಕು ಜನ ಸಾಲಿನಲ್ಲಿದ್ದರು. ಆದರೂ ಆಡಿದೆ. ಅಂದು ನೀನು ಹೇಳಿದ್ದು ಸರಿಯಾಗಿತ್ತು, ಹೊಡೆದದ್ದು ನನ್ನ ತಪ್ಪು ಎಂದೆ. ಅವನು ನಕ್ಕ. ‘ಪೆಟ್ಟೆಲ್ಲ ನೆನಪಿಲ್ಲ ಸರ್, ಆಗ ಎಲ್ರೂ ಹೊಡಿತಿದ್ರ್’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಬೋರ್ಡ್ ಒರ್ಸಿದ್ರಿ ಅಲ್ದಾ, ಅದ್ ನೆನಪಿತ್ತ್. ನಾನ್ ಅದನ್ ಪುಸ್ತಕದಂಗೆ ಚಂದ ಮಾಡಿ ಬರ್ಕಂಬ ಅಂದೇಳಿ ಇದ್ದೆ’ ಎಂದ.

ಅದಕ್ಕೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಅರ್ಜಿಗೆ ಸಹಿ ಹಾಕಿದೆ.

ಜುಲೈ ಬಂತು. ಈಗಿನ ಶಾಲೆಗೆ ಹಂಚಿನ ಮಾಡಿಲ್ಲ, ತಾರಸಿ. ಆದರೂ ಮಳೆ ಮಳೆಯೇ. ಕೊನೆಯ ಅವಧಿಯಲ್ಲಿ ಬೋರ್ಡಿನ ಮೇಲೆ ಆರು ಗೀಟು, ಮತ್ತೆ ಆರು ಗೀಟು ಎಳೆದೆ. ಈ ಸಲ ಗುಣಿಸಲು ಹೇಳಲಿಲ್ಲ. ಎರಡು ಗೀಟಿನಿಂದ ಆರಂಭಿಸಿ, ಒಂದೊಂದು ಹೆಚ್ಚಿಸುತ್ತ ಹೋಗಿ, ಈ ಸರ ಎಲ್ಲಿ ಹರಿಯುತ್ತದೆ ಹೇಳಿ ಎಂದೆ. ತರಗತಿ ಮೌನವಾಯಿತು, ಭಯದ ಮೌನವಲ್ಲ. ಏಳು ಒಂದುಗಳವರೆಗೆ ಎಲ್ಲರೂ ಗುಣಿಸಿದರು. ಎಂಟಕ್ಕೆ ಅರ್ಧ ಜನ ಗುಣಿಸುವುದನ್ನು ಬಿಟ್ಟು ಉತ್ತರವನ್ನೇ ಬರೆಯತೊಡಗಿದರು. ಒಂಬತ್ತಕ್ಕೆ 12345678987654321 ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಹತ್ತಕ್ಕೆ, 123456789 ಆದ ಮೇಲೆ ಹತ್ತು ಬರೆದು ಇಳಿಯುವುದು ಎಂದು ಒಬ್ಬ ಗಟ್ಟಿಯಾಗಿ ಸಾರಿದ. ಬಹಳ ಮಂದಿ ತಲೆಯಾಡಿಸಿದರು.

ಆ ಹುಡುಗಿ ಎರಡನೆಯ ಬೆಂಚಿನಲ್ಲಿದ್ದಳು. ಕೈ ಎತ್ತಲಿಲ್ಲ. ಆದರೆ ತಲೆಯನ್ನೂ ಆಡಿಸಲಿಲ್ಲ. ಹತ್ತಿರ ಹೋಗಿ ನೋಡಿದೆ. ಪುಸ್ತಕದಲ್ಲಿ ಹತ್ತು ಸಾಲು ಚೌಕಗಳು, ಮೆಟ್ಟಿಲಿನಂತೆ ಸರಿದು ನಿಂತಿದ್ದವು. ನಡುವಿನ ಕಂಬಸಾಲಿನ ಕೆಳಗೆ ಪೆನ್ಸಿಲ್ ನಿಂತಿತ್ತು.

‘ಇಲ್ಲಿ ಹತ್ತು ಕಲ್ಲಿವೆ ಸರ್. ಒಂದು ಮನೆಯಲ್ಲಿ ಹತ್ತು ಕೂರುವುದಿಲ್ಲ’ ಎಂದಳು, ನನಗೆ ಮಾತ್ರ ಕೇಳುವಷ್ಟು.

‘ಹಾಗಾದರೆ?’

‘ಸೊನ್ನೆ ಬರೆದು, ಕೈಯಲ್ಲಿ ಒಂದು.’

ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ. ಬೋರ್ಡಿನ ಬಳಿ ನಿಂತು ಬಲದಿಂದ ಎಡಕ್ಕೆ ನಿಧಾನವಾಗಿ ಬರೆದಳು. ಸೊನ್ನೆಯ ಪಕ್ಕದಲ್ಲಿ ಒಂಬತ್ತು ಇರಬೇಕಾದಲ್ಲಿ, ಕೈಯಲ್ಲಿದ್ದ ಒಂದು ಸೇರಿ ಅದೂ ಹತ್ತಾಯಿತು. ಮತ್ತೊಂದು ಸೊನ್ನೆ, ಮತ್ತೆ ಕೈಯಲ್ಲಿ ಒಂದು. ಅದರಾಚೆಯ ಎಂಟು ಒಂಬತ್ತಾಯಿತು. ಅಲ್ಲಿಗೆ ಕೈ ಖಾಲಿ. ಕೊನೆಗೆ ಬೋರ್ಡಿನ ಮೇಲೆ ನಿಂತದ್ದು 1234567900987654321. ಮಕ್ಕಳು ಅದನ್ನು ಹಿಂದೆ ಮುಂದೆ ಓದಿ, ಸರ ಹರಿದದ್ದನ್ನು ಕಂಡು ಉಶ್ಶೆಂದರು. ಅವಳು ಮಾತ್ರ ಅಲ್ಲೇ ನಿಂತಿದ್ದಳು.

‘ಎಡಗಡೆಯಲ್ಲಿ ಎಂಟು ಇಲ್ಲ ಸರ್’ ಎಂದಳು.

ನಿಜ. ಏಳರ ಪಕ್ಕದಲ್ಲಿ ಒಂಬತ್ತಿತ್ತು. ಆಚಾರ್ಯರ 12345679ರಲ್ಲೂ ಎಂಟು ಇಲ್ಲ. ಎರಡಕ್ಕೂ ಸಂಬಂಧವಿದೆಯೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿಯನ್ನೂ ತೆರೆದಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಕೊಡೆ ಹುಡುಕಿಕೊಂಡು ಹೊರಟರು. ಅಭ್ಯಾಸಬಲದಿಂದ ನನ್ನ ಕೈ ಡಸ್ಟರಿನ ಕಡೆ ಹೋಗಿತ್ತು.

‘ಒರೆಸಬೇಡಿ ಸರ್, ನಾಳೆ ನೋಡುತ್ತೇನೆ’ ಎಂದು ಬಾಗಿಲಿನಿಂದ ಕೂಗಿ ಹೇಳಿ ಓಡಿದಳು.

ಮರುದಿನ ಮೊದಲ ಅವಧಿ ಹಿಂದಿಯದು. ಟೀಚರು ಉಳಿದರ್ಧ ಬೋರ್ಡಿನಲ್ಲೇ ಪಾಠ ಮಾಡಿದರಂತೆ.